ಅವಧಿಯಿಲ್ಲದ ಒಡಂಬಡಿಕೆ: ಸಯಾಮ್ ದೇಶದ ವ್ಯಾಪಾರ ಸಂಧಿಗಳ ಚರಿತ್ರೆ

ಬಲಿಷ್ಠನಾದವನೊಡನೆ ದುರ್ಬಲನು ಮಾಡಿಕೊಳ್ಳಬೇಕಾದ ಸಂಧಿಯ ವಿಚಾರವು ರಾಜನೀತಿಯಷ್ಟೇ ಹಳೆಯದಾದುದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಓಲೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹನ್ನೆರಡನೆಯ ಅಧಿಕರಣವು ಇದಕ್ಕಾಗಿಯೇ ಮೀಸಲಾಗಿದೆ. ಅದಕ್ಕೆ 'ಆಬಲೀಯಸ'ವೆಂದು ಹೆಸರು. ಪ್ರವಾಹಕ್ಕೆ ಬೆತ್ತವು ಬಾಗುವಂತೆ ದುರ್ಬಲನು ಬಲಿಷ್ಠನಿಗೆ ಎಲ್ಲೆಡೆಯೂ ಬಾಗಬೇಕೆಂಬ ಮತವನ್ನೂ, ಇದ್ದ ಬಲವನ್ನೆಲ್ಲ ಕೂಡಿಸಿಕೊಂಡು ಹೋರಾಡಿಯೇ ತೀರಬೇಕೆಂಬ ಮತವನ್ನೂ ಆಚಾರ್ಯನು ಅಲ್ಲಿ ಎತ್ತಿಕೊಂಡು, ಎರಡನ್ನೂ ತಳ್ಳಿಹಾಕಿದ್ದಾನೆ. ಎಲ್ಲಕ್ಕೂ ಬಾಗುವವನಿಗೆ ಬಾಳಿನಲ್ಲಿ ಆಸೆಯೇ ಉಳಿಯದು. ಅಲ್ಪಬಲದಿಂದ ಕಾದುವವನು ದೋಣಿಯಿಲ್ಲದೆ ಸಮುದ್ರಕ್ಕಿಳಿದವನಂತೆ ಮುಳುಗುವನು. ಇವೆರಡರ ನಡುವೆ ಮೂರನೆಯ ದಾರಿಯೊಂದನ್ನು ಹುಡುಕಿಕೊಳ್ಳಬೇಕೆಂಬುದೇ ಅವನ ಅಭಿಪ್ರಾಯ.

ಈ ಗ್ರಂಥವು ಮೈಸೂರಿನಲ್ಲಿ ಬೆಳಕು ಕಂಡ ವರುಷವೇ, ಇಂದು ಥಾಯ್ಲೆಂಡ್ ಎಂದು ಹೆಸರಾಗಿರುವ ಸಯಾಮ್ ದೇಶವು ಬ್ಯಾಂಕಾಕ್ ನಗರದಲ್ಲಿ ಆಂಗ್ಲರೊಡನೆ ಒಂದು ಒಡಂಬಡಿಕೆಗೆ ರುಜು ಹಾಕಿ, ತನ್ನ ಅಧೀನದಲ್ಲಿದ್ದ ನಾಲ್ಕು ಮಲಯ ಸೀಮೆಗಳನ್ನು ಬಿಟ್ಟುಕೊಟ್ಟಿತು. ಅದಕ್ಕೆ ಪ್ರತಿಯಾಗಿ ಅದು ಪಡೆದುದರಲ್ಲಿ ಮುಖ್ಯವಾದುದು, ತನ್ನ ನೆಲದಲ್ಲಿ ತಪ್ಪು ಮಾಡಿದ ಪರದೇಶಿಯರನ್ನು ತನ್ನ ನ್ಯಾಯಸ್ಥಾನದಲ್ಲಿಯೇ ವಿಚಾರಿಸುವ ಹಕ್ಕು. ಯಾವ ದೇಶಕ್ಕಾದರೂ ಹುಟ್ಟಿನಿಂದಲೇ ಇರತಕ್ಕ ಹಕ್ಕನ್ನು ನೆಲವನ್ನು ತೆತ್ತು ಕೊಳ್ಳಬೇಕಾಗಿ ಬಂದುದೇಕೆ? ಈ ಪ್ರಶ್ನೆಯ ಉತ್ತರವು ಐವತ್ತನಾಲ್ಕು ವರುಷಗಳ ಹಿಂದೆ ಬರೆದ ಒಂದು ವ್ಯಾಪಾರದ ಕರಾರಿನಲ್ಲಿ ಅಡಗಿದೆ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸಯಾಮಿನ ಸ್ಥಿತಿಯು ಅಡಕೆಗತ್ತರಿಯಲ್ಲಿ ಸಿಕ್ಕ ಅಡಕೆಯಂತಿದ್ದಿತು. ಪಶ್ಚಿಮದಲ್ಲಿ ಬರ್ಮಾ ದೇಶವು ೧೮೨೪ರಿಂದ ೧೮೨೬ರವರೆಗೆ ನಡೆದ ಯುದ್ಧದಲ್ಲಿ ಅರಕಾನ್ ಮತ್ತು ತೆನಸ್ಸೆರಿಮ್ ಪ್ರಾಂತಗಳನ್ನು ಆಂಗ್ಲರಿಗೆ ಕಳೆದುಕೊಂಡು, ೧೮೫೨ರ ಯುದ್ಧದಲ್ಲಿ ಪೆಗು ಪ್ರಾಂತವನ್ನೂ ನೀಗಿಕೊಂಡಿತು. ಉತ್ತರದಲ್ಲಿ ಮಹಾಸಾಮ್ರಾಜ್ಯವೆನಿಸಿದ್ದ ಚೀನವು ಅಫೀಮಿನ ಯುದ್ಧದಲ್ಲಿ ಸೋತು, ೧೮೪೨ರಲ್ಲಿ ನಾನ್‌ಕಿಂಗ್ ಸಂಧಿಗೆ ಒಪ್ಪಿ, ಹಾಂಗ್‌ಕಾಂಗ್ ದ್ವೀಪವನ್ನು ಕೊಟ್ಟು ಐದು ರೇವುಗಳನ್ನು ತೆರೆಯಬೇಕಾಯಿತು. ಈ ವಾರ್ತೆಗಳು ಸಿಂಗಾಪುರದ ಹಡಗುಗಳ ಮೂಲಕ ಬ್ಯಾಂಕಾಕಿಗೆ ಬಂದು ಮುಟ್ಟುತ್ತಿದ್ದವು.

ಆಂಗ್ಲರೊಡನೆ ಸಯಾಮಿಗೆ ಮೊದಲೇ ಒಂದು ಕರಾರು ಇದ್ದಿತು. ೧೮೨೬ರಲ್ಲಿ ಹೆನ್ರಿ ಬರ್ನಿ ಎಂಬಾತನು ಮೂರನೆಯ ರಾಮನೆಂಬ ಅರಸನೊಡನೆ ಮಾಡಿಕೊಂಡ ಆ ಒಪ್ಪಂದದಂತೆ, ಸರಕನ್ನು ತಂದ ಹಡಗಿನ ಅಗಲವನ್ನು ಅಳೆದು, ಮಾರು ಒಂದಕ್ಕೆ ೧,೭೦೦ ಬಾತ್ ನಾಣ್ಯಗಳಂತೆ ತೆರಿಗೆಯನ್ನು ಎತ್ತುತ್ತಿದ್ದರು. ಸರಕಿಲ್ಲದೆ ಬಂದ ಹಡಗಿಗೆ ಮಾರಿಗೆ ೧,೫೦೦ ಬಾತ್. ಅಕ್ಕಿಯನ್ನು ಹೊರಗೆ ಸಾಗಿಸುವುದು ನಿಷಿದ್ಧವಾಗಿದ್ದಿತು. ಒಳಗಿನ ವ್ಯಾಪಾರದಲ್ಲಿ ಬಹುಭಾಗವು ಅರಮನೆಯವರ ಹಾಗೂ ಗುತ್ತಿಗೆದಾರರ ಕೈಯಲ್ಲಿದ್ದಿತು. ಇದು ಸಾಲದೆಂದು ಕಂಡ ಆಂಗ್ಲರು ೧೮೫೦ರಲ್ಲಿ ಜೇಮ್ಸ್ ಬ್ರೂಕನನ್ನು ಕಳುಹಿಸಿದರು. ಮೂರನೆಯ ರಾಮನ ಆಸ್ಥಾನವು ಅವನನ್ನು ಬರಿಗೈಯಲ್ಲಿ ಹಿಂದಿರುಗಿಸಿತು. ಹೀಗೆ ಹಿಂದಿರುಗಿಸಿದ ನಿಯೋಗದ ಬೆನ್ನಿಗೆ ಯುದ್ಧನೌಕೆಗಳು ಬರುವ ಕಾಲ ಅದಾಗಿದ್ದಿತು. ಅಷ್ಟರಲ್ಲಿ ೧೮೫೧ರ ಏಪ್ರಿಲಿನಲ್ಲಿ ಅರಸನು ಕಾಲವಾಗಲು, ಅವನ ತಮ್ಮನಾದ ಮೊಂಗ್‌ಕುಟನು ಸಿಂಹಾಸನವನ್ನೇರಿದನು.

ಮೊಂಗ್‌ಕುಟ್ ಎಂಬುದು ನಮ್ಮ 'ಮಕುಟ' ಶಬ್ದದ ಸಯಾಮೀ ರೂಪವೇ ಆಗಿದೆ. ಈತನು ಪಟ್ಟಕ್ಕೆ ಬರುವ ಮೊದಲು ೨೭ ವರುಷ ಬೌದ್ಧ ಭಿಕ್ಷುವಾಗಿದ್ದವನು. ವಿಹಾರದಲ್ಲಿದ್ದುಕೊಂಡೇ ಫ್ರೆಂಚ್ ಬಿಷಪ್ ಪಾಲ್ಗುವಾನಿಂದ ಲ್ಯಾಟಿನ್ ಭಾಷೆಯನ್ನೂ, ಅಮೆರಿಕದ ಪಾದ್ರಿಗಳಿಂದ ಇಂಗ್ಲಿಷನ್ನೂ ಕಲಿತಿದ್ದನು. ಜ್ಯೋತಿಶ್ಶಾಸ್ತ್ರದಲ್ಲಿ ವಿಶೇಷವಾದ ಆಸಕ್ತಿಯಿದ್ದವನು. ಪಶ್ಚಿಮದವರ ಭಾಷೆಯು ತಿಳಿದಿದ್ದುದರಿಂದ ಅವರ ಬಲವೆಷ್ಟೆಂಬುದೂ ಅವರ ಆಸೆಯು ಯಾವ ಕಡೆಗೆ ತಿರುಗಿದೆಯೆಂಬುದೂ ಆತನಿಗೆ ಅಂದಾಜಾಗಿದ್ದಿತು. ಕೇಳಿದುದನ್ನೆಲ್ಲ ನಿರಾಕರಿಸಿದರೆ ಬರ್ಮಾದ ಗತಿ. ಬೆದರಿ ಒಪ್ಪಿದರೆ ಚೀನದ ಗತಿ. ಆದುದರಿಂದ ಅವರು ಬಲವಂತಪಡಿಸುವ ಮೊದಲೇ, ಏನನ್ನು ಕೊಡಬಹುದು, ಏನನ್ನು ಕೊಡಲಾಗದು ಎಂಬುದನ್ನು ತಾನೇ ಗೊತ್ತುಮಾಡಿಕೊಳ್ಳುವುದು ಅವನ ಉಪಾಯವಾಯಿತು.

ಹಾಂಗ್‌ಕಾಂಗಿನ ಗವರ್ನರನಾಗಿದ್ದ ಸರ್ ಜಾನ್ ಬೌರಿಂಗನು 'ರ್‍ಯಾಟ್ಲರ್' ಎಂಬ ಯುದ್ಧನೌಕೆಯನ್ನೇರಿ ೧೮೫೫ರ ಮಾರ್ಚಿಯ ಕೊನೆಯಲ್ಲಿ ಚಾವೊ ಫ್ರಯ ನದಿಯ ಮುಖಕ್ಕೆ ಬಂದನು. ಈತನು ಬೆಂಥಮನ ಶಿಷ್ಯ. ಸುಂಕವಿಲ್ಲದ ವ್ಯಾಪಾರವೇ ಲೋಕಕ್ಕೆ ಕಲ್ಯಾಣವೆಂದು ಮತಪ್ರಚಾರಕನ ಶ್ರದ್ಧೆಯಿಂದ ನಂಬಿದ್ದವನು. ಅವನೊಡನೆ ಮೊಂಗ್‌ಕುಟನು ಮೊದಲೇ ಸ್ವಹಸ್ತದಿಂದ ಇಂಗ್ಲಿಷಿನಲ್ಲಿ ಪತ್ರವ್ಯವಹಾರ ನಡೆಸಿದ್ದನು. ಸಯಾಮಿನ ಪಕ್ಷದಲ್ಲಿ ಐವರು ಕೂತರು: ಅರಸನ ಸಹೋದರನಾದ ವೊಂಗ್ಸ ರಾಜಕುಮಾರನೊಬ್ಬ, ಉಳಿದ ನಾಲ್ವರೂ ಬುನ್ನಾಗ್ ಎಂಬ ಪ್ರಬಲವಾದ ಮಂತ್ರಿಮನೆತನದವರು. ಆ ಮನೆತನದ ಹಿರಿಯರಿಗೆ ಹಳೆಯ ಗುತ್ತಿಗೆಗಳಲ್ಲಿ ಲಾಭವಿದ್ದಿತು. ಕಿರಿಯನಾದ ಚುವಾಂಗನು ಹೊಸ ವ್ಯವಸ್ಥೆಯ ಕಡೆಗೆ ಒಲಿದಿದ್ದನು. ಹೀಗೆ ಹೊರಗಿನವರೊಡನೆ ನಡೆದ ಮಾತುಕತೆಯು ಒಳಗಿನವರ ಮಾತುಕತೆಯೂ ಆಗಿದ್ದಿತು. ಏಪ್ರಿಲ್ ೧೮ರಂದು ರುಜುಗಳಾದವು. ಒಂದು ಗುಂಡೂ ಹಾರದೆ, ಒಂದು ತಿಂಗಳೂ ತುಂಬದೆ, ಒಂದು ರಾಜ್ಯದ ಆರ್ಥಿಕ ಪದ್ಧತಿಯೇ ಬದಲಾಯಿತು.

ಒಡಂಬಡಿಕೆಯ ಮುಖ್ಯ ಕಲಮುಗಳು ಇವು. ಹಡಗನ್ನು ಅಳೆದು ಎತ್ತುವ ತೆರಿಗೆಯು ರದ್ದಾಯಿತು. ಒಳಗೆ ಬರುವ ಸರಕಿನ ಮೇಲೆ ನೂರಕ್ಕೆ ಮೂರರಷ್ಟು ಮಾತ್ರ ಸುಂಕ. ಹೊರಗೆ ಹೋಗುವ ಪ್ರತಿಯೊಂದು ಪದಾರ್ಥಕ್ಕೂ ಬೆಳೆದ ಕಡೆಯಿಂದ ಹಡಗಿನವರೆಗೆ ಒಂದೇ ತೆರಿಗೆ. ಅದರ ಮೊತ್ತವನ್ನು ಕರಾರಿಗೆ ಲಗತ್ತಿಸಿದ ಪಟ್ಟಿಯಲ್ಲಿಯೇ ನಿಗದಿಮಾಡಲಾಯಿತು. ಆಂಗ್ಲ ವರ್ತಕರು ಯಾವ ಮಧ್ಯಸ್ಥನೂ ಇಲ್ಲದೆ ಪ್ರಜೆಗಳೊಡನೆ ನೇರವಾಗಿ ಕೊಡುಕೊಳ್ಳಬಹುದು. ಬ್ಯಾಂಕಾಕಿನಲ್ಲಿ ಆಂಗ್ಲ ಕಾನ್ಸಲನೊಬ್ಬನು ನೆಲಸುವನು; ಆಂಗ್ಲ ಪ್ರಜೆಗಳು ಅಪರಾಧ ಮಾಡಿದರೆ ಅವನೇ ತಮ್ಮ ದೇಶದ ಕಾಯಿದೆಯಂತೆ ವಿಚಾರಿಸುವನು. ಮುಂದೆ ಬೇರೆ ಯಾವ ರಾಷ್ಟ್ರಕ್ಕೆ ಯಾವ ಅನುಕೂಲವನ್ನು ಕೊಟ್ಟರೂ ಅದು ಆಂಗ್ಲರಿಗೂ ತಾನಾಗಿಯೇ ಸಲ್ಲತಕ್ಕದ್ದು.

ಇಷ್ಟನ್ನೇ ಓದಿದವರಿಗೆ ಸಯಾಮೀಯರು ಬೆತ್ತದಂತೆ ಬಾಗಿದರೆಂದು ತೋರುವುದು ಸಹಜ. ಆದರೆ ಬಿಟ್ಟುಕೊಟ್ಟ ಕಲಮುಗಳ ನಡುವೆ ಉಳಿಸಿಕೊಂಡ ಕಲಮುಗಳೂ ಇವೆ. ಅಕ್ಕಿಯ ರಫ್ತಿಗೆ ಒಪ್ಪಿದರೂ, ಅಕ್ಕಿ, ಉಪ್ಪು, ಮೀನು ಈ ಮೂರರ ಕೊರತೆಯು ತಲೆದೋರುವಂತೆ ಕಂಡಾಗ ಡಂಗುರ ಹೊಯ್ಯಿಸಿ ರಫ್ತನ್ನು ನಿಲ್ಲಿಸುವ ಅಧಿಕಾರವನ್ನು ಸರಕಾರವು ತನ್ನಲ್ಲಿಯೇ ಇಟ್ಟುಕೊಂಡಿತು. ಪ್ರಜೆಯ ಅನ್ನದ ಬಟ್ಟಲು ಪರರ ಕೈಗೆ ಹೋಗಬಾರದೆಂಬುದು ಇದರ ಅರ್ಥ. ಅಫೀಮನ್ನು ಸುಂಕವಿಲ್ಲದೆ ತರಬಹುದಾದರೂ ಸರಕಾರದ ಅಫೀಮು ಗುತ್ತಿಗೆದಾರನಿಗೆ ಹೊರತು ಬೇರೆಯವರಿಗೆ ಮಾರಕೂಡದು. ಅಫೀಮಿನ ವಿಷಯದಲ್ಲಿ ಚೀನವು ಯುದ್ಧಮಾಡಿಯೂ ಉಳಿಸಿಕೊಳ್ಳಲಾಗದ ಹಿಡಿತವು ಸಯಾಮಿಗೆ ಒಂದು ವಾಕ್ಯದಿಂದ ಉಳಿಯಿತು. ಆಂಗ್ಲರು ಎಲ್ಲ ರೇವುಗಳಲ್ಲಿಯೂ ವ್ಯಾಪಾರ ಮಾಡಬಹುದು. ಸ್ಥಿರವಾಗಿ ನೆಲಸುವುದಾದರೆ ಬ್ಯಾಂಕಾಕಿನಲ್ಲಿ, ಇಲ್ಲವೆ ಅಲ್ಲಿಂದ ೨೪ ಗಂಟೆಗಳ ಪಯಣದ ಒಳಗಿನ ಸೀಮೆಯಲ್ಲಿ ಮಾತ್ರ. ಎಲ್ಲಕ್ಕಿಂತ ಮುಖ್ಯವಾಗಿ, ಈ ಕರಾರಿನಲ್ಲಿ ಅಂಗೈಯಗಲದ ನೆಲವೂ ಕೈಬಿಡಲಿಲ್ಲ. ಅರಸನು ಹಣವನ್ನು ಕೊಟ್ಟು ರಾಜ್ಯವನ್ನು ಉಳಿಸಿಕೊಂಡನು.

ಎರಡನೆಯ ಉಪಾಯವು ಇನ್ನೂ ಸೂಕ್ಷ್ಮವಾದುದು. ಒಬ್ಬನೇ ಬಲಿಷ್ಠನೊಡನೆ ಕಟ್ಟುಬಿದ್ದರೆ ಅವನು ಒಡೆಯನಾಗುತ್ತಾನೆ. ಹಲವರೊಡನೆ ಕಟ್ಟುಬಿದ್ದರೆ ಒಬ್ಬನು ಮತ್ತೊಬ್ಬನಿಗೆ ಕಾವಲಾಗುತ್ತಾನೆ. ಸಯಾಮ್ ೧೮೫೬ರಲ್ಲಿಯೇ ಅಮೆರಿಕ ಮತ್ತು ಫ್ರಾನ್ಸುಗಳೊಡನೆ, ೧೮೫೮ರಲ್ಲಿ ಡೆನ್ಮಾರ್ಕಿನೊಡನೆ, ೧೮೫೯ರಲ್ಲಿ ಪೋರ್ಚುಗಲ್ಲಿನೊಡನೆ, ೧೮೬೦ರಲ್ಲಿ ಹಾಲೆಂಡಿನೊಡನೆ, ೧೮೬೨ರಲ್ಲಿ ಪ್ರಷ್ಯದೊಡನೆ ಅದೇ ಮಾದರಿಯ ಸಂಧಿಗಳನ್ನು ಮಾಡಿಕೊಂಡಿತು. ೧೮೬೮ರಲ್ಲಿ ಸ್ವೀಡನ್-ನಾರ್ವೆ, ಬೆಲ್ಜಿಯಮ್, ಇಟಲಿಗಳೂ ಸೇರಿದವು. ಈ ಕಡೆಯ ಸಂಧಿಗಳಲ್ಲಿ ಸಯಾಮಿನ ಪರವಾಗಿ ಯೂರೋಪಿನಲ್ಲಿ ವ್ಯವಹರಿಸಿದವನು ಬೇರೆ ಯಾರೂ ಅಲ್ಲ, ಹಿಂದೆ ಯುದ್ಧನೌಕೆಯಲ್ಲಿ ಬಂದು ಎದುರಿಗೆ ಕೂತಿದ್ದ ಜಾನ್ ಬೌರಿಂಗನೇ! ವಿಶ್ರಾಂತಿ ಪಡೆದಿದ್ದ ಅವನಿಗೆ ಮೊಂಗ್‌ಕುಟನು ಬಿರುದನ್ನಿತ್ತು ತನ್ನ ರಾಯಭಾರಿಯನ್ನಾಗಿ ಮಾಡಿಕೊಂಡಿದ್ದನು. ೧೮೬೭ರಲ್ಲಿ ಪ್ಯಾರಿಸಿನಲ್ಲಿದ್ದ ತನ್ನ ರಾಯಭಾರಿಗೆ ಬರೆದ ಓಲೆಯಲ್ಲಿ ಈ ಅರಸನು ಫ್ರೆಂಚರನ್ನು ಮೊಸಳೆಗೂ ಆಂಗ್ಲರನ್ನು ತಿಮಿಂಗಿಲಕ್ಕೂ ಹೋಲಿಸಿ, ನದಿಯ ಕಡೆ ಈಜಬೇಕೋ ಕಡಲ ಕಡೆ ಈಜಬೇಕೋ ಎಂದು ತನ್ನ ದೇಶದ ಪಾಡನ್ನು ತೋಡಿಕೊಂಡಿದ್ದಾನೆ. ಆದರೆ ಅವನು ವಾಸ್ತವದಲ್ಲಿ ಯಾವ ಕಡೆಗೂ ಪೂರ್ತಿಯಾಗಿ ಈಜಲಿಲ್ಲ.

ಇಷ್ಟು ಎಚ್ಚರಿಕೆಯುಳ್ಳವರ ಕಣ್ಣು ತಪ್ಪಿಸಿಕೊಂಡು ಬಂದ ದೋಷವೊಂದು ಆ ೧೮೫೫ರ ಕಾಗದದಲ್ಲಿಯೇ ಇದ್ದಿತು. ಅದರ ಹನ್ನೊಂದನೆಯ ಕಲಮಿನಂತೆ, ಹತ್ತು ವರುಷಗಳು ಕಳೆದ ಮೇಲೆ ಎರಡು ಪಕ್ಷಗಳಲ್ಲಿ ಯಾರಾದರೂ ಹನ್ನೆರಡು ತಿಂಗಳ ನೋಟೀಸು ಕೊಟ್ಟು ಕರಾರನ್ನು ತಿದ್ದಬೇಕೆಂದು ಕೇಳಬಹುದು. ಕೇಳಬಹುದು ಅಷ್ಟೆ, ಕೇಳಿದುದಕ್ಕೆ ಎದುರು ಪಕ್ಷವು ಒಪ್ಪದಿದ್ದರೆ ಹಳೆಯದೇ ನಡೆಯುವುದು. ಕರಾರಿನ ಅವಧಿಯು ಎಂದಿಗೆ ಮುಗಿಯುವುದೆಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಮನೆಯನ್ನು ಬಾಡಿಗೆಗೆ ಕೊಟ್ಟವನು ಬಾಡಿಗೆಯ ಮೊತ್ತವನ್ನು ಬರೆದು ಬಾಡಿಗೆಯ ಕಾಲವನ್ನು ಬರೆಯಲು ಮರೆತಂತೆ ಇದಾಯಿತು. ಇದೇ ಮಾದರಿಯಲ್ಲಿ ಉಳಿದ ಸಂಧಿಗಳನ್ನೂ ಬರೆದುದರಿಂದ ದೋಷವು ಹನ್ನೆರಡಕ್ಕೂ ಮೇಲ್ಪಟ್ಟು ಸಲ ಪುನರುಕ್ತವಾಯಿತು. ಒಬ್ಬರಿಗೆ ಕೊಟ್ಟುದು ಎಲ್ಲರಿಗೂ ಸಲ್ಲಬೇಕೆಂಬ ನಿಬಂಧನೆಯಿಂದ ಗಂಟು ಇನ್ನೂ ಬಿಗಿಯಾಯಿತು. ಒಂದು ರಾಷ್ಟ್ರವು ಹೆಚ್ಚಿನ ಸುಂಕಕ್ಕೆ ಒಪ್ಪಿದರೂ ಮಿಕ್ಕವರು ಒಪ್ಪುವವರೆಗೆ ಅದರಿಂದ ಪ್ರಯೋಜನವಿಲ್ಲ. ಬೊಕ್ಕಸಕ್ಕೆ ಹನ್ನೆರಡು ಬೀಗಗಳು. ಬೀಗದ ಕೈಗಳು ಹನ್ನೆರಡು ರಾಜಧಾನಿಗಳಲ್ಲಿ. ಹಲವರನ್ನು ಕೂಡಿಸಿಕೊಂಡು ರಕ್ಷಣೆ ಪಡೆದ ಉಪಾಯವೇ ಬಿಡುಗಡೆಗೆ ಅಡ್ಡಿಯಾಗಿ ನಿಂತಿತು.

ಇದರ ಫಲವನ್ನು ಉಂಡವರು ಸಾಮಾನ್ಯ ಪ್ರಜೆಗಳು. ಒಂದು ಪಕ್ಕದಿಂದ ನೋಡಿದರೆ ದೇಶವು ಬೆಳೆಯಿತು. ೧೮೫೦ರ ದಶಕದ ಕೊನೆಯಲ್ಲಿ ವರುಷಕ್ಕೆ ಸುಮಾರು ಹತ್ತು ಲಕ್ಷ ಪಿಕುಲ್‌ಗಳಷ್ಟಿದ್ದ ಅಕ್ಕಿಯ ರಫ್ತು ೧೯೩೦ರ ದಶಕದ ಮೊದಲಲ್ಲಿ ಸುಮಾರು ಎರಡೂವರೆ ಕೋಟಿ ಪಿಕುಲ್‌ಗಳಿಗೆ ಏರಿತು. ಜೊಂಡು ಬೆಳೆದ ಕೆಸರುಭೂಮಿಯು ಗದ್ದೆಯಾಯಿತು, ಕಾಲುವೆಗಳಾದವು, ರೈತನ ಕೈಯಲ್ಲಿ ನಾಣ್ಯವಾಡಿತು. ಆದರೆ ಇನ್ನೊಂದು ಪಕ್ಕದಲ್ಲಿ ಸರಕಾರದ ಬೊಕ್ಕಸಕ್ಕೆ ಈ ವ್ಯಾಪಾರದಿಂದ ಸಲ್ಲಬೇಕಾದ ಪಾಲು ನೂರಕ್ಕೆ ಮೂರರಲ್ಲಿ ನಿಂತುಹೋಯಿತು. ಶಾಲೆ, ರಸ್ತೆ, ಸೈನ್ಯ, ನ್ಯಾಯಸ್ಥಾನಗಳಿಗೆ ಹಣ ಬೇಕು, ಸುಂಕವನ್ನು ಏರಿಸುವಂತಿಲ್ಲ. ಆಗ ಆಳುವವರಿಗೆ ಉಳಿದ ದಾರಿಯು ಅಫೀಮು, ಹೆಂಡ, ಜೂಜಿನಕಟ್ಟೆ, ಲಾಟರಿ ಇವುಗಳ ಗುತ್ತಿಗೆ. ದಶಕಗಳವರೆಗೆ ರಾಜಾದಾಯದ ಒಂದು ದೊಡ್ಡ ಪಾಲು ಈ ನಾಲ್ಕರಿಂದಲೇ ಬರುತ್ತಿದ್ದಿತು. ಪರದೇಶದ ಬಟ್ಟೆಯು ಅಗ್ಗವಾಗಿ ಬರಲೆಂದು ಸ್ವದೇಶದ ಕೂಲಿಯವನು ಅಫೀಮಿನಂಗಡಿಯಲ್ಲಿ ತೆರಿಗೆಯನ್ನು ತೆರುತ್ತಿದ್ದನು ಎಂದರೆ ಅತಿಶಯೋಕ್ತಿಯಾಗದು.

ಹೆಂಡದ ಸುಂಕದ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನ. ನೂರಕ್ಕೆ ಮೂರರ ಸುಂಕ ಕೊಟ್ಟು ಬರುವ ಪರದೇಶದ ಮದ್ಯವು ದೇಶೀಯ ಮದ್ಯಕ್ಕಿಂತ ಅಗ್ಗವಾಗಿ, ಗುತ್ತಿಗೆಯ ಆದಾಯವು ಕುಸಿಯಹತ್ತಿತು. ದೇಶೀಯ ಮದ್ಯದ ಮೇಲಿರುವಷ್ಟೇ ತೆರಿಗೆಯನ್ನು ಪರದೇಶದ ಮದ್ಯದ ಮೇಲೂ ಹಾಕಲು ಅನುಮತಿ ಬೇಕೆಂದು ಚೂಲಾಲಂಕರಣ ಅರಸನ ಸರಕಾರವು ಕೇಳಿತು. ಈ ಒಂದು ಅಲ್ಪ ನ್ಯಾಯಕ್ಕಾಗಿ ಪ್ರಿಸ್ದಾಂಗ್ ಎಂಬ ರಾಜಕುಮಾರನು ಯೂರೋಪಿನ ರಾಜಧಾನಿಗಳನ್ನು ಸುತ್ತಬೇಕಾಯಿತು. ಆಂಗ್ಲರು ೧೮೮೩ರಲ್ಲಿ ಒಪ್ಪಿದರು. ಆಮೇಲೆ ಉಳಿದವರ ಬಾಗಿಲುಗಳನ್ನು ಒಂದೊಂದಾಗಿ ತಟ್ಟುವ ಕೆಲಸ. ಆದರೂ ಈ ತಿರುಗಾಟವು ವ್ಯರ್ಥವಾಗಲಿಲ್ಲ. ಬೀಗವನ್ನು ಒಡೆಯಲಾಗದಿದ್ದರೂ ಬೀಗದ ಕೈಗಳನ್ನು ಹೇಗೆ ಕೂಡಿಸಬೇಕೆಂಬುದನ್ನು ಸಯಾಮಿನ ರಾಯಭಾರಿಗಳು ಅಲ್ಲಿ ಕಲಿತರು.

ನ್ಯಾಯವಿಚಾರಣೆಯ ಕಲಮು ಸುಂಕಕ್ಕಿಂತ ಹೆಚ್ಚಾಗಿ ಮನಸ್ಸನ್ನು ನೋಯಿಸಿತು. ಬರೆದ ಕಾಲದಲ್ಲಿ ಅದು ಬೆರಳೆಣಿಕೆಯ ಆಂಗ್ಲ ವರ್ತಕರಿಗೆ ಸಂಬಂಧಿಸಿದುದಾಗಿದ್ದಿತು. ಆದರೆ ಬ್ಯಾಂಕಾಕಿಗೆ ವ್ಯಾಪಾರಕ್ಕೆ ಬಂದ ಹಿಂದುಸ್ಥಾನದವರು, ಸಾಗವಾನಿ ಕಾಡುಗಳಿಗೆ ಬಂದ ಬರ್ಮಾದವರು ಆಂಗ್ಲ ಪ್ರಜೆಗಳೆನಿಸಿದರು. ಕಾಂಬೋಜದವರೂ ಲಾವೋ ಜನರೂ ಅನೇಕ ಚೀನೀಯರೂ ಫ್ರೆಂಚ್ ಕಾನ್ಸಲನ ಕಚೇರಿಯಲ್ಲಿ ಹೆಸರು ಬರೆಯಿಸಿಕೊಂಡರು. ಸೂರತ್ತಿನ ವರ್ತಕನೂ ತಮಿಳುನಾಡಿನ ವ್ಯಾಪಾರಿಯೂ ತಮ್ಮ ಊರಿನಲ್ಲಿ ಪರಾಧೀನರು. ಸಯಾಮಿಗೆ ಬಂದರೆ ಅದೇ ಪರಾಧೀನತೆಯಿಂದ ಅಲ್ಲಿನ ಕಾಯಿದೆಗೆ ಅತೀತರು! ಕಾಲದ ವೈಚಿತ್ರ್ಯವು ಹೀಗಿದ್ದಿತು.

ಈ ಗಂಟನ್ನು ಬಿಚ್ಚುವ ಮೊದಲ ಯತ್ನಕ್ಕೆ ಕಲ್ಕತ್ತೆಯೇ ಸ್ಥಳವಾಯಿತು. ೧೮೭೪ರ ಜನವರಿಯಲ್ಲಿ ಇಂಡಿಯಾ ಸರಕಾರದೊಡನೆ ಅಲ್ಲಿ ಮಾಡಿಕೊಂಡ ಒಪ್ಪಂದದಿಂದ, ಉತ್ತರದ ಚಿಯಾಂಗ್‌ಮಾಯ್ ಸೀಮೆಯಲ್ಲಿ ಬರ್ಮಾ ಕಡೆಯವರ ಮೊಕದ್ದಮೆಗಳನ್ನು ಕೆಲವು ನಿಬಂಧನೆಗಳೊಡನೆ ಸಯಾಮೀ ನ್ಯಾಯಾಧೀಶರು ವಿಚಾರಿಸುವಂತಾಯಿತು. ೧೮೮೩ರಲ್ಲಿ ಇದನ್ನು ವಿಸ್ತರಿಸಿ, ಸಯಾಮೀ ನ್ಯಾಯಾಧೀಶನು ಸಯಾಮೀ ಕಾಯಿದೆಯಂತೆ ಆಂಗ್ಲ ಪ್ರಜೆಗಳನ್ನು ವಿಚಾರಿಸುವ, ಬೇಕಾದಾಗ ಕಾನ್ಸಲನು ಮೊಕದ್ದಮೆಯನ್ನು ತನ್ನ ಬಳಿಗೆ ಎಳೆದುಕೊಳ್ಳಬಹುದಾದ ನ್ಯಾಯಸ್ಥಾನವನ್ನು ಸ್ಥಾಪಿಸಿದರು. ಮುಂದೆ ೧೮೯೮ರಲ್ಲಿ ಜಪಾನಿನೊಡನೆ ಸಂಧಿಯಾದಾಗ, ಸಯಾಮಿನ ಕಾಯಿದೆಯ ಸಂಹಿತೆಗಳು ಪೂರ್ಣವಾಗಿ ಜಾರಿಗೆ ಬಂದೊಡನೆ ಜಪಾನೀ ಕಾನ್ಸಲನ ಅಧಿಕಾರವು ಕೊನೆಗೊಳ್ಳುವುದೆಂದು ಬರೆಯಲಾಯಿತು. ಕೊನೆ ಎಂಬ ಮಾತು ಕಾಗದದ ಮೇಲೆ ಹೀಗೆ ಕಾಣಿಸಿಕೊಂಡಿತು. ತಮ್ಮ ಮೇಲೆಯೂ ಇಂಥದೇ ಸಂಧಿಗಳನ್ನು ಹೊತ್ತಿದ್ದ ಜಪಾನೀಯರು ೧೮೯೪ರಲ್ಲಿ ಆಂಗ್ಲರಿಂದ ತಿದ್ದುಪಡಿಯನ್ನು ಪಡೆದು, ೧೯೧೧ರಲ್ಲಿ ಸುಂಕದ ಪೂರ್ಣ ಸ್ವಾತಂತ್ರ್ಯವನ್ನು ಗಳಿಸಿದ ಸಂಗತಿಯು ಸಯಾಮಿಗೆ ಕಣ್ಣೆದುರಿನ ಪಾಠವಾಗಿದ್ದಿತು.

ಈ ನಡುವೆ ಮೊಸಳೆಯು ಬಾಯಿ ತೆರೆಯಿತು. ೧೮೯೩ರ ಜುಲೈ ೧೩ರಂದು ಎರಡು ಫ್ರೆಂಚ್ ಯುದ್ಧನೌಕೆಗಳು ಪಾಕ್‌ನಾಮಿನ ಕೋಟೆಯ ಗುಂಡುಗಳ ನಡುವೆಯೇ ನುಗ್ಗಿ ಬ್ಯಾಂಕಾಕಿನೆದುರು ಲಂಗರು ಹಾಕಿದವು. ಸಯಾಮ್ ಮೆಕಾಂಗ್ ನದಿಯ ಎಡದಂಡೆಯನ್ನೆಲ್ಲ ಬಿಟ್ಟುಕೊಟ್ಟು, ಮೂವತ್ತು ಲಕ್ಷ ಫ್ರಾಂಕುಗಳ ದಂಡವನ್ನೂ ತೆರಬೇಕಾಯಿತು. ಸಹಾಯಕ್ಕೆ ಬರುವರೆಂದು ನಂಬಿದ್ದ ಆಂಗ್ಲರು ಅಂದು ಸುಮ್ಮನಿದ್ದರು. ಹಲವರೊಡನೆ ಮೈತ್ರಿಯೆಂಬುದು ಕಾವಲೇ ಹೊರತು ಕೋಟೆಯಲ್ಲವೆಂಬುದು ಆಗ ಸ್ಪಷ್ಟವಾಯಿತು. ೧೮೯೬ರಲ್ಲಿ ಆಂಗ್ಲರೂ ಫ್ರೆಂಚರೂ ಚಾವೊ ಫ್ರಯ ನದಿಯ ಕಣಿವೆಯನ್ನು ಮುಟ್ಟುವುದಿಲ್ಲವೆಂದು ತಮ್ಮತಮ್ಮೊಳಗೆ ಒಪ್ಪಿದರು. ಅದೂ ಸಯಾಮಿನ ಮೇಲಿನ ಪ್ರೀತಿಯಿಂದಲ್ಲ, ತಮ್ಮಿಬ್ಬರ ಗಡಿಗಳು ತಾಗದಿರಲೆಂದು.

ಆ ಮೇಲೆ ನಡೆದುದೇ ನೆಲಕ್ಕೆ ನ್ಯಾಯದ ವಿನಿಮಯ. ೧೯೦೭ರಲ್ಲಿ ಬಟ್ಟಂಬಾಂಗ್, ಸಿಯೆಮ್‌ರಿಯಾಪ್, ಸಿಸೊಫೊನ್ ಸೀಮೆಗಳನ್ನು ಫ್ರೆಂಚರಿಗೆ ಕೊಟ್ಟು, ಅವರ ಏಷ್ಯಾದ ಪ್ರಜೆಗಳ ಮೇಲಣ ವಿಚಾರಣಾಧಿಕಾರವನ್ನು ಸಯಾಮ್ ಪಡೆಯಿತು. ೧೯೦೯ರಲ್ಲಿ ಕೆಲಾಂತಾನ್, ತ್ರೆಂಗಾನು, ಕೆಡಾ, ಪೆರ್ಲಿಸ್ ಎಂಬ ನಾಲ್ಕು ಮಲಯ ಸೀಮೆಗಳನ್ನು ಆಂಗ್ಲರಿಗೆ ಬಿಟ್ಟು, ಅವರ ಪ್ರಜೆಗಳ ಮೇಲೆಯೂ ಅಂಥದೇ ಅಧಿಕಾರವನ್ನೂ, ದಕ್ಷಿಣದ ರೈಲುದಾರಿಗಾಗಿ ೪೦ ಲಕ್ಷ ಪೌಂಡುಗಳ ಸಾಲವನ್ನೂ ಪಡೆಯಿತು. ದೂರದ ಅಧೀನ ಸೀಮೆಗಳನ್ನು ಕೊಟ್ಟು ನಡುಮನೆಯ ಅಧಿಕಾರವನ್ನು ಕೊಂಡುದು ಜಾಣತನವೆಂದು ಹೊಗಳುವವರುಂಟು. ಆದರೆ ಕೈಬದಲಾದ ಆ ಸೀಮೆಗಳ ಸುಲ್ತಾನರನ್ನಾಗಲಿ ಪ್ರಜೆಗಳನ್ನಾಗಲಿ ಯಾರೂ ಕೇಳಲಿಲ್ಲವೆಂಬುದನ್ನು ಮರೆಯಲಾಗದು. ಬಲಿಷ್ಠನಿಗೆ ದುರ್ಬಲನು ತೆತ್ತ ಬೆಲೆಯು ಅವನಿಗಿಂತಲೂ ದುರ್ಬಲರಾದವರ ಗಂಟಿನಿಂದ ಬಂದಿತು. ಇಷ್ಟಾದರೂ ನೂರಕ್ಕೆ ಮೂರರ ಸುಂಕವು ಅಲುಗಲಿಲ್ಲ.

ಆದರೆ ಈ ಕಾಲದಲ್ಲಿ ಮನೆಯೊಳಗೆ ನಡೆದ ಕೆಲಸವು ಮುಂದೆ ಫಲಕೊಟ್ಟಿತು. ನಿಮ್ಮ ಕಾಯಿದೆಗಳು ಅನಾಗರಿಕವಾದುದರಿಂದ ನಮ್ಮ ಪ್ರಜೆಗಳನ್ನು ಒಪ್ಪಿಸಲಾರೆವೆಂದು ಬಲಿಷ್ಠರು ಹೇಳುತ್ತಿದ್ದರು. ಆ ನೆಪವನ್ನೇ ಇಲ್ಲದಂತೆ ಮಾಡುವುದಕ್ಕಾಗಿ ಚೂಲಾಲಂಕರಣನು ೧೮೯೨ರಲ್ಲಿ ಬೆಲ್ಜಿಯಮ್ಮಿನ ನ್ಯಾಯಶಾಸ್ತ್ರಜ್ಞನಾದ ರೋಲಿನ್-ಜಾಕ್ಮಿನನನ್ನು ಪ್ರಧಾನ ಸಲಹೆಗಾರನನ್ನಾಗಿ ಕರೆಯಿಸಿಕೊಂಡನು. ಅವನ ತರುವಾಯ ಅಮೆರಿಕದ ಸ್ಟ್ರೋಬೆಲ್, ವೆಸ್ಟನ್‌ಗಾರ್ಡ್ ಮೊದಲಾದವರು ಬಂದರು. ಸಲಹೆಗಾರರನ್ನು ಆಂಗ್ಲರಿಂದಲೂ ಆರಿಸದೆ, ಫ್ರೆಂಚರಿಂದಲೂ ಆರಿಸದೆ, ಸಯಾಮಿನ ನೆಲದ ಮೇಲೆ ಆಸೆಯಿಲ್ಲದ ದೇಶಗಳಿಂದ ಆರಿಸಿದುದರಲ್ಲಿ ವಿವೇಕವಿದ್ದಿತು. ೧೯೦೮ರಲ್ಲಿ ದಂಡಸಂಹಿತೆಯು ಹೊರಬಿದ್ದಿತು.

ಮೊದಲನೆಯ ಮಹಾಯುದ್ಧವು ಬಹುಕಾಲ ಕಾದಿದ್ದ ಸಂದರ್ಭವನ್ನು ತಂದಿತು. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ರೈತನ ನೀತಿ. ವಜ್ರಾಯುಧನೆಂಬ ಅರಸನು ೧೯೧೭ರ ಜುಲೈ ೨೨ರಂದು ಜರ್ಮನಿ ಮತ್ತು ಆಸ್ಟ್ರಿಯಾಗಳ ಮೇಲೆ ಯುದ್ಧವನ್ನು ಸಾರಿದನು; ಮರುವರುಷ ಸಣ್ಣದೊಂದು ಸ್ವಯಂಸೇವಕ ದಳವನ್ನು ಫ್ರಾನ್ಸಿಗೆ ಕಳುಹಿಸಿದನು. ಯುದ್ಧ ಸಾರಿದೊಡನೆ ಆ ಎರಡು ರಾಷ್ಟ್ರಗಳೊಡನೆ ಇದ್ದ ಸಂಧಿಗಳು ತಾವಾಗಿಯೇ ಬಿದ್ದುಹೋದವು. ಎರಡು ಬೀಗಗಳು ಒಡೆದವು. ಅದಕ್ಕಿಂತ ಹೆಚ್ಚಾಗಿ, ಗೆದ್ದವರ ಸಾಲಿನಲ್ಲಿ ಸಯಾಮಿಗೆ ಒಂದು ಕುರ್ಚಿ ದೊರೆಯಿತು. ವರ್ಸೇಲ್ಸಿನ ಸಂಧಿಗೆ ಅದು ರುಜು ಹಾಕಿತು. ರಾಷ್ಟ್ರಸಂಘದ ಮೂಲ ಸದಸ್ಯರಲ್ಲಿ ಒಂದಾಯಿತು. ಪ್ಯಾರಿಸಿನಲ್ಲಿ ಅದರ ಪ್ರತಿನಿಧಿಗಳು ಹಳೆಯ ಸಂಧಿಗಳನ್ನು ತಿದ್ದಬೇಕೆಂದು ಕೇಳಿದಾಗ, ಅಮೆರಿಕದ ಅಧ್ಯಕ್ಷನಾದ ವಿಲ್ಸನನು ಕಿವಿಗೊಟ್ಟನು. ೧೯೨೦ರ ಡಿಸೆಂಬರ್ ೧೬ರಂದು ಅಮೆರಿಕವು ಯಾವ ಪ್ರತಿಫಲವನ್ನೂ ಬೇಡದೆ ತನ್ನ ಕಾನ್ಸಲರ ಅಧಿಕಾರವನ್ನು ಬಿಟ್ಟುಕೊಡಲು ಒಪ್ಪಿ, ಸುಂಕದ ಸ್ವಾತಂತ್ರ್ಯವನ್ನೂ ಅಂಗೀಕರಿಸಿತು. ಆದರೆ ಉಳಿದ ರಾಷ್ಟ್ರಗಳೂ ಹೀಗೆಯೇ ಪ್ರತಿಫಲವಿಲ್ಲದೆ ಒಪ್ಪಿದ ದಿನ ಮಾತ್ರ ಅದು ಜಾರಿಗೆ ಬರತಕ್ಕದ್ದು. ಮೊದಲ ಕೈ ಸಿಕ್ಕಿತು. ಉಳಿದವು ಇನ್ನೂ ದೂರದಲ್ಲಿದ್ದವು.

ಅವುಗಳನ್ನು ಕೂಡಿಸಿದವನು ಹಾರ್ವರ್ಡ್ ವಿದ್ಯಾಪೀಠದ ಪ್ರಾಧ್ಯಾಪಕನೂ ವಿಲ್ಸನನ ಅಳಿಯನೂ ಆದ ಫ್ರಾನ್ಸಿಸ್ ಸೇಯರ್. ಅವನು ೧೯೨೩ರಲ್ಲಿ ಸಯಾಮಿನ ಸಲಹೆಗಾರನಾಗಿ ಬಂದು, ೧೯೨೪-೨೫ರಲ್ಲಿ ಸಯಾಮಿನ ದೂತನಾಗಿ ಯೂರೋಪಿನ ರಾಜಧಾನಿಗಳನ್ನು ಸುತ್ತಿದನು. ಜಪಾನು ೧೯೨೪ರಲ್ಲಿ, ಫ್ರಾನ್ಸು ೧೯೨೫ರ ಫೆಬ್ರವರಿಯಲ್ಲಿ, ಹಾಲೆಂಡು ಜೂನಿನಲ್ಲಿ, ಬ್ರಿಟನ್ನು ಜುಲೈಯಲ್ಲಿ ಹೊಸ ಸಂಧಿಗಳಿಗೆ ರುಜು ಹಾಕಿದವು. ೧೯೨೬ರಲ್ಲಿ ಇಟಲಿ, ಬೆಲ್ಜಿಯಮ್‌ಗಳೂ ಮುಗಿದವು. ಬ್ರಿಟನ್ನು ಮಾತ್ರ ತನ್ನ ಗಿರಣಿಗಳ ಹಿತವನ್ನು ಮರೆಯಲಿಲ್ಲ: ಹತ್ತಿಯ ಸರಕು, ಕಬ್ಬಿಣ ಉಕ್ಕುಗಳ ಸರಕು ಹಾಗೂ ಯಂತ್ರಗಳ ಮೇಲೆ ಹತ್ತು ವರುಷಗಳವರೆಗೆ ನೂರಕ್ಕೆ ಐದಕ್ಕಿಂತ ಹೆಚ್ಚಿನ ಸುಂಕ ಕೂಡದೆಂದು ಬರೆಯಿಸಿಕೊಂಡಿತು. ಸಯಾಮೀಯರು ಇದಕ್ಕೆ ಒಪ್ಪಿದರು. ಏಕೆಂದರೆ ಈ ಸಲ ಆ ಮಾತಿನ ಪಕ್ಕದಲ್ಲಿ ಹತ್ತು ವರುಷವೆಂಬ ಮಾತೂ ಇದ್ದಿತು. ಹೊಸ ಸಂಧಿಗಳಿಗೆಲ್ಲ ಗೊತ್ತಾದ ಅವಧಿಯೊಂದನ್ನು ಬರೆಯಿಸಿದುದೇ ಸೇಯರನ ಕೆಲಸದ ಸಾರವೆಂದು ಹೇಳಬಹುದು. ಅರಸನು ಅವನಿಗಿತ್ತ ಬಿರುದು 'ಕಲ್ಯಾಣಮೈತ್ರಿ'.

ಇದೇ ಕಾಲದಲ್ಲಿ ಹಿಂದುಸ್ಥಾನದ ಪಾಡು ಹೇಗಿದ್ದಿತೆಂಬುದನ್ನು ನೆನೆದರೆ ಸಯಾಮ್ ಗಳಿಸಿದುದರ ಬೆಲೆ ತಿಳಿಯುವುದು. ಹೊರಗಿನಿಂದ ಬರುವ ಹತ್ತಿಬಟ್ಟೆಯ ಮೇಲೆ ೧೮೯೬ರಲ್ಲಿ ನೂರಕ್ಕೆ ಮೂರೂವರೆಯಂತೆ ಸುಂಕವನ್ನು ಹಾಕಿದಾಗ, ಲ್ಯಾಂಕಷೈರಿನ ಗಿರಣಿಗಳ ತೃಪ್ತಿಗಾಗಿ ಇಲ್ಲಿನ ಗಿರಣಿಗಳ ಬಟ್ಟೆಯ ಮೇಲೂ ಅಷ್ಟೇ ತೆರಿಗೆಯನ್ನು ಹೇರಲಾಯಿತು. ಈ ಅನ್ಯಾಯದ ತೆರಿಗೆಯ ವಸೂಲಿಯು ನಿಂತುದು ೧೯೨೫ರ ಡಿಸೆಂಬರಿನಲ್ಲಿ. ಅದೇ ವರುಷ ಸಯಾಮ್ ತನ್ನ ಸುಂಕದ ವಿಷಯವನ್ನು ಲಂಡನ್ನಿನವರೊಡನೆ ಸಮಾನನಂತೆ ಕೂತು ಚರ್ಚಿಸಿತು. ಹಿಂದುಸ್ಥಾನಕ್ಕೆ ಮುರಿಯಲು ಕರಾರೇ ಇರಲಿಲ್ಲ. ಬರೆದುಕೊಂಡ ಕರಾರಾದರೂ ಇದ್ದವನಿಗೆ ತಿದ್ದುವ ಆಸೆಯಿರುತ್ತದೆ.

೧೯೨೭ರ ಮಾರ್ಚಿಯಲ್ಲಿ ಸಯಾಮಿನ ಹೊಸ ಸುಂಕದ ಪಟ್ಟಿಯು ಜಾರಿಗೆ ಬಂದಿತು. ಎಪ್ಪತ್ತು ವರುಷಗಳ ತರುವಾಯ ನೂರಕ್ಕೆ ಮೂರರ ಮಿತಿಯು ಅಳಿಯಿತು. ಅದಕ್ಕೆ ಮೊದಲೇ ೧೯೧೬ರಲ್ಲಿ ಲಾಟರಿಯನ್ನೂ ೧೯೧೭ರಲ್ಲಿ ಜೂಜಿನಕಟ್ಟೆಗಳನ್ನೂ ಸರಕಾರವು ಮುಚ್ಚಿಸಿ, ಬಂದ ನಷ್ಟವನ್ನು ಹೇಗೋ ಸಹಿಸಿಕೊಂಡಿದ್ದಿತು. ಸುಂಕದ ಆದಾಯವು ಈಗ ಅದನ್ನು ತುಂಬತೊಡಗಿತು. ೧೯೩೨ರ ಕ್ರಾಂತಿಯ ಅನಂತರ ಬಂದ ಪ್ರಜಾಪಕ್ಷದ ಸರಕಾರವು, ೧೯೩೫ರ ಹೊತ್ತಿಗೆ ಸಂಹಿತೆಗಳೆಲ್ಲವೂ ಮುಗಿದುದನ್ನು ನೋಡಿ, ಹತ್ತು ವರುಷಗಳ ಅವಧಿಯು ತುಂಬಿದ ೧೯೩೬ರಲ್ಲಿ ಎಲ್ಲ ರಾಷ್ಟ್ರಗಳಿಗೂ ಏಕಕಾಲದಲ್ಲಿ ಸಂಧಿಗಳು ಮುಗಿದವೆಂದು ನೋಟೀಸು ಕೊಟ್ಟಿತು. ವಿದೇಶಮಂತ್ರಿಯಾಗಿದ್ದ ಪ್ರೀದಿ ಬನೊಮ್‌ಯೊಂಗನ ಕಾಲದಲ್ಲಿ, ೧೯೩೭-೩೮ರಲ್ಲಿ, ಸಮಾನತೆಯ ಹೊಸ ಸಂಧಿಗಳು ಸಿದ್ಧವಾದವು. ಈ ಬಿಡುಗಡೆಗಾಗಿ ಒಂದು ಬಂದೂಕೂ ಸಿಡಿಯಲಿಲ್ಲ, ಒಂದು ಸೀಮೆಯೂ ಕೈಬಿಡಲಿಲ್ಲ. ಒಂದು ಕಾಗದದಲ್ಲಿ ಬರೆದಿದ್ದ ದಿನಾಂಕವು ಬಂದಿತು, ಅಷ್ಟೆ.

ಸಯಾಮಿನ ಯಶಸ್ಸಿಗೆ ದೈವದ ಪಾಲೂ ಉಂಟು. ಎರಡು ಸಾಮ್ರಾಜ್ಯಗಳಿಗೆ ನಡುವೆ ತೆರಪೊಂದು ಬೇಕಾಗಿದ್ದುದರಿಂದ ಅದು ಉಳಿಯಿತು. ಅದೇ ಕಾಲದಲ್ಲಿ ಬರ್ಮಾದ ಅರಸನೂ ಫ್ರೆಂಚರೊಡನೆ ಮೈತ್ರಿಯನ್ನು ಬಯಸಿದನಾದರೂ ೧೮೮೫ರಲ್ಲಿ ರಾಜ್ಯವನ್ನೇ ಕಳೆದುಕೊಂಡನು. ಆದುದರಿಂದ ಸಯಾಮಿನ ನೀತಿಯನ್ನು ಎಲ್ಲರಿಗೂ ಸಲ್ಲುವ ಮಂತ್ರವೆಂದು ಹೇಳಲಾಗದು. ಆದರೆ ದೈವವು ಒದಗಿಸಿದ ಕಾಲಾವಕಾಶವನ್ನು ಅದು ಹೇಗೆ ಬಳಸಿಕೊಂಡಿತೆಂಬುದು ಗಮನಾರ್ಹ: ಕೊಡುವ ಮೊದಲೇ ಉಳಿಸಿಕೊಳ್ಳಬೇಕಾದುದನ್ನು ಎಣಿಸಿಕೊಂಡಿತು, ಒಬ್ಬರ ಬದಲು ಹಲವರೊಡನೆ ವ್ಯವಹರಿಸಿತು, ಎದುರು ಪಕ್ಷದ ನೆಪಗಳನ್ನು ತನ್ನ ಮನೆಯ ಕೆಲಸದಿಂದಲೇ ಇಲ್ಲವಾಗಿಸಿತು, ಕಾಲ ಬಂದಾಗ ತಡಮಾಡಲಿಲ್ಲ. ಒಂದೇ ಒಂದು ವಾಕ್ಯವನ್ನು ಮರೆತುದಕ್ಕಾಗಿ ಮಾತ್ರ ಎಪ್ಪತ್ತು ವರುಷ ದಂಡ ತೆತ್ತಿತು.

ಲೋಕದ ವ್ಯಾಪಾರದ ನಿಯಮಗಳನ್ನು ನೋಡಿಕೊಳ್ಳಲು ೧೯೯೫ರಲ್ಲಿ ಸ್ಥಾಪಿತವಾದ ವಿಶ್ವ ವ್ಯಾಪಾರ ಸಂಸ್ಥೆಯ ಮಹಾನಿರ್ದೇಶಕನಾಗಿ ೨೦೦೨ರಿಂದ ೨೦೦೫ರವರೆಗೆ ಕುಳಿತವನು ಥಾಯ್ಲೆಂಡಿನ ಸುಪಚಾಯ್ ಪಾನಿಚ್‌ಪಾಕ್ದಿ. ನೂರಕ್ಕೆ ಮೂರಕ್ಕಿಂತ ಹೆಚ್ಚು ಸುಂಕವೆತ್ತಲು ಹನ್ನೆರಡು ಬಾಗಿಲುಗಳನ್ನು ತಟ್ಟಬೇಕಾಗಿದ್ದ ದೇಶದವನು ಆತ. ಸಣ್ಣ ದೇಶಗಳು ದೊಡ್ಡ ದೇಶಗಳೊಡನೆ ಕರಾರು ಮಾಡಿಕೊಳ್ಳುವುದು ಇಂದಿಗೂ ನಿಂತಿಲ್ಲ. ಅಂಥ ಕರಾರಿನಲ್ಲಿ ಸುಂಕವೆಷ್ಟು, ರೇವುಗಳೆಷ್ಟು ಎಂಬುದನ್ನು ಎಲ್ಲರೂ ಮೊದಲು ಓದುತ್ತಾರೆ. ೧೮೫೫ರ ಏಪ್ರಿಲಿನಲ್ಲಿ ಬ್ಯಾಂಕಾಕಿನ ಐವರು ಜಾಣರೂ ಅದನ್ನೇ ಮೊದಲು ಓದಿದರು. ಸಯಾಮಿನ ಚರಿತ್ರೆಯನ್ನು ತಿಳಿದವರು ಕಡೆಯ ಪುಟವನ್ನು ತಿರುವಿ, ಇದು ಮುಗಿಯುವುದು ಎಂದಿಗೆ ಎಂಬುದನ್ನು ಮೊದಲು ನೋಡುವರು.